ಅಕ್ಷರಸ್ಥರಿಗೆ ಮಾತ್ರವೆ ಮತಾಧಿಕಾರ?

ಈ ಪತ್ರಿಕೆಯ ಕಳೆದ ಸಂಚಿಕೆಯಲ್ಲಿ ಕಾಲೇಜು ವಿದ್ಯಾರ್ಥಿಯೊಬ್ಬರು ನಮ್ಮ ದೇಶದ ರಾಜಕೀಯವನ್ನೂ ಚುನಾವಣೆಗಳನ್ನೂ ಕುರಿತು ಬರೆದಿರುವ ಲೇಖನವನ್ನು ವಾಚಕಮಹಾಶಯರು ಓದಿರಬಹುದು. ಲೇಖನದ ಭಾಷೆ ಶುದ್ಧವಾಗಿದೆ, ವಾದದಲ್ಲಿ ಹುರುಪಿದೆ. ಹತ್ತೊಂಬತ್ತು ವರ್ಷದ ತರುಣರೊಬ್ಬರು ಆಟಪಾಟಗಳನ್ನು ಬದಿಗಿಟ್ಟು ರಾಜ್ಯತಂತ್ರವನ್ನು ಕುರಿತು ಯೋಚಿಸಿದರೆಂಬುದೇ ಸಂತೋಷದ ಸಂಗತಿ. ಅವರು ತಮ್ಮನ್ನು ಸಂಪ್ರದಾಯಪಕ್ಷದವರೆಂದು ಕರೆದುಕೊಂಡಿದ್ದಾರೆ. ಅದೂ ನನಗೆ ಅಪ್ರಿಯವಲ್ಲ. ಸಂಸ್ಕೃತ ಪಾಠಶಾಲೆಯಲ್ಲಿ ತರ್ಕಸಂಗ್ರಹವನ್ನು ಬಾಯಿಪಾಠ ಮಾಡಿ, ಮುವ್ವತ್ತು ವರ್ಷಕ್ಕೆ ಮೇಲ್ಪಟ್ಟು ಮಕ್ಕಳಿಗೆ ಪಾಠ ಹೇಳಿ ನಿವೃತ್ತನಾದವನು ನಾನು. ಹಳೆಯದನ್ನೆಲ್ಲ ಗುಡಿಸಿಹಾಕಬೇಕೆನ್ನುವವರ ಪಂಕ್ತಿಯಲ್ಲಿ ಎಂದೂ ಕುಳಿತವನಲ್ಲ. ಆದರೂ ಈ ಲೇಖನದ ಸಿದ್ಧಾಂತವನ್ನು ಒಪ್ಪಲಾರೆ. ಇದು ಒಬ್ಬ ತರುಣರ ಅಭಿಪ್ರಾಯ ಮಾತ್ರವಾಗಿದ್ದರೆ ಸುಮ್ಮನಿರಬಹುದಾಗಿತ್ತು. ವಿದ್ಯಾವಂತರ ಅನೇಕ ಮನೆಗಳಲ್ಲಿ, ಚುನಾವಣೆಯ ಫಲಿತಾಂಶವು ತಮಗೆ ಹಿಡಿಸದಿದ್ದ ದಿನ, ಇದೇ ಮಾತು ಊಟದ ಎಲೆಯ ಮುಂದೆ ನಡೆಯುತ್ತದೆ. ಆದುದರಿಂದ ಅದನ್ನು ಬಹಿರಂಗವಾಗಿ ವಿಮರ್ಶಿಸುವುದು ಆವಶ್ಯಕವೆಂದು ತಿಳಿದು ಬರೆಯುತ್ತಿದ್ದೇನೆ.

ಪರಪಕ್ಷವನ್ನು ಅದರ ಪೂರ್ಣಬಲದೊಡನೆ ನಿರೂಪಿಸಿ ಬಳಿಕ ಉತ್ತರ ಹೇಳತಕ್ಕದ್ದು ನಮ್ಮ ಶಾಸ್ತ್ರಕಾರರ ಕ್ರಮ. ಲೇಖಕರ ಪೂರ್ವಪಕ್ಷವನ್ನು ನಾಲ್ಕು ಅಂಶಗಳಲ್ಲಿ ಸಂಗ್ರಹಿಸಬಹುದು. ಒಂದನೆಯದು: ವೈದ್ಯನಿಗೂ ವಕೀಲನಿಗೂ, ಕಡೆಗೆ ಬಸ್ಸಿನ ಚಾಲಕನಿಗೂ ಪರೀಕ್ಷೆಯಿರುವಾಗ, ದೇಶದ ಭವಿಷ್ಯವನ್ನು ನಿರ್ಣಯಿಸುವ ಮತದಾರನಿಗೆ ಮಾತ್ರ ಪರೀಕ್ಷೆಯಿಲ್ಲವೇಕೆ? ಎರಡನೆಯದು: ನಮ್ಮ ಪೂರ್ವಿಕರು ಹೀಗೆ ಮಾಡಲಿಲ್ಲ; ಉತ್ತರಮೇರೂರಿನ ಚೋಳಶಾಸನದಲ್ಲಿ ವಿದ್ಯೆ, ಆಸ್ತಿ, ವಯಸ್ಸುಗಳ ನಿಯಮವುಂಟು. ಮೂರನೆಯದು: ಓದುಬಾರದ ಬಡವರು ಸೀರೆಗೂ ಸಾರಾಯಿಗೂ ಜಾತಿಗೂ ತಮ್ಮ ಮತವನ್ನು ಮಾರಿಕೊಳ್ಳುತ್ತಾರೆ, ಅದರ ಫಲವನ್ನು ಓದಿದವರು ಉಣ್ಣಬೇಕಾಗಿದೆ. ನಾಲ್ಕನೆಯದು: ಬಾಬು ರಾಜೇಂದ್ರಪ್ರಸಾದರಂಥ ಹಿರಿಯರೇ ವಿದ್ಯಾರ್ಹತೆಯ ನಿಯಮವನ್ನು ಬಯಸಿದ್ದರು. ಆದಕಾರಣ ಹತ್ತನೆಯ ತರಗತಿಯಲ್ಲಿ ಉತ್ತೀರ್ಣರಾದವರಿಗೆ ಮಾತ್ರ ಒಂದು ಮತ, ಪದವೀಧರರಿಗೆ ಎರಡು ಮತ ಎಂದು ಶಾಸನವಾಗಬೇಕೆಂಬುದು ಅವರ ನಿರ್ಣಯ.

ಮೊದಲನೆಯ ಅಂಶವನ್ನು ನೋಡೋಣ. ಇಲ್ಲಿ ದೃಷ್ಟಾಂತವು ದಾರ್ಷ್ಟಾಂತಿಕಕ್ಕೆ ಹೊಂದುವುದಿಲ್ಲ. ವೈದ್ಯನಿಗೆ ಪರೀಕ್ಷೆಯುಂಟು, ನಿಜ. ರೋಗಿಗೆ ಯಾರಾದರೂ ಪರೀಕ್ಷೆಯನ್ನಿಟ್ಟಿದ್ದಾರೆಯೆ? ಹೊಟ್ಟೆನೋವೆಂದು ನರಳುತ್ತ ಬಂದವನನ್ನು, "ನೀನು ಶರೀರಶಾಸ್ತ್ರವನ್ನು ಓದಿದ್ದೀಯೋ? ಓದಿಲ್ಲವಾದರೆ ನಿನಗೆ ನೋವಾಗುತ್ತಿದೆಯೆಂದು ಹೇಳುವ ಅಧಿಕಾರವಿಲ್ಲ" ಎಂದು ಹಿಂದಕ್ಕೆ ಕಳುಹಿಸುವ ವೈದ್ಯನನ್ನು ಏನೆನ್ನಬೇಕು? ರಾಜ್ಯವನ್ನು ನಡೆಸುವುದು ಮಂತ್ರಿಗಳ ಕೆಲಸ. ಅವರು ನಡೆಸಿದ್ದರಿಂದ ತನಗಾದ ಸುಖದುಃಖವನ್ನು ಹೇಳುವುದು ಮತದಾರನ ಕೆಲಸ. ಮನೆಯ ಗುಣವನ್ನು ಕಟ್ಟಿದವನಿಗಿಂತ ವಾಸಮಾಡುವವನೂ, ಅಡಿಗೆಯ ಗುಣವನ್ನು ಬಾಣಸಿಗನಿಗಿಂತ ಉಂಡವನೂ ಚೆನ್ನಾಗಿ ಬಲ್ಲರೆಂದು ಗ್ರೀಕರ ಅರಿಸ್ಟಾಟಲನು ತನ್ನ ರಾಜ್ಯಶಾಸ್ತ್ರದಲ್ಲಿ ವಿಚಾರಮಾಡಿದ್ದಾನೆ. ಪಡಿತರದ ಅಕ್ಕಿಯಲ್ಲಿ ಕಲ್ಲಿದೆಯೋ ಇಲ್ಲವೋ ಎಂಬುದನ್ನು ಅದನ್ನು ಆರಿಸಿ ಬೇಯಿಸುವ ಹೆಂಗಸು ಬಲ್ಲಳು. ಅದಕ್ಕೆ ಹತ್ತನೆಯ ತರಗತಿಯ ಅಂಕಪಟ್ಟಿ ಬೇಕಾಗಿಲ್ಲ.

ಇನ್ನು ಲಕ್ಷಣದ ವಿಚಾರ. ಯಾವ ಲಕ್ಷಣಕ್ಕಾದರೂ ಅವ್ಯಾಪ್ತಿ, ಅತಿವ್ಯಾಪ್ತಿ, ಅಸಂಭವ ಎಂಬ ಮೂರು ದೋಷಗಳಿರಬಾರದೆಂದು ತರ್ಕಶಾಸ್ತ್ರದ ಮೊದಲ ಪಾಠದಲ್ಲಿಯೇ ಹೇಳಿಕೊಡುತ್ತಾರೆ. ಅಕ್ಷರಜ್ಞಾನವು ರಾಜಕೀಯ ವಿವೇಕದ ಲಕ್ಷಣವೆಂದು ಲೇಖಕರ ಪ್ರತಿಜ್ಞೆ. ಅಕ್ಷರವಿಲ್ಲದ ವಿವೇಕಿಗಳು ಎಷ್ಟೋ ಮಂದಿ ಇರುವುದರಿಂದ ಇದಕ್ಕೆ ಅವ್ಯಾಪ್ತಿದೋಷ ತಗಲುತ್ತದೆ. ವಿವೇಕವಿಲ್ಲದ ಅಕ್ಷರಸ್ಥರು ಅದಕ್ಕಿಂತಲೂ ಹೆಚ್ಚಾಗಿರುವುದರಿಂದ ಅತಿವ್ಯಾಪ್ತಿದೋಷವೂ ತಗಲುತ್ತದೆ. ಓದು ಒಕ್ಕಾಲು, ಬುದ್ಧಿ ಮುಕ್ಕಾಲು ಎಂದು ನಮ್ಮ ಹಳ್ಳಿಗರು ಬಹುಕಾಲದ ಹಿಂದೆಯೇ ಲೆಕ್ಕ ಹಾಕಿಟ್ಟಿದ್ದಾರೆ. ಒಕ್ಕಾಲಿಗೆ ಪೂರ್ಣದ ಬೆಲೆ ಕಟ್ಟಿ, ಮುಕ್ಕಾಲನ್ನು ಲೆಕ್ಕದಿಂದಲೇ ಬಿಡುವುದು ಎಂಥ ಗಣಿತ?

ಇದು ಬರಿಯ ತರ್ಕವಾಯಿತು, ಪ್ರಮಾಣವೇನು ಎಂದು ಕೇಳಬಹುದು. ಪ್ರಮಾಣವು ನಮ್ಮ ರಾಜ್ಯದಲ್ಲಿಯೇ ಇದೆ. ಸಂವಿಧಾನದ ೧೭೧ನೆಯ ಅನುಚ್ಛೇದದ ಪ್ರಕಾರ ವಿಧಾನ ಪರಿಷತ್ತಿನ ಹನ್ನೆರಡರಲ್ಲೊಂದು ಪಾಲು ಸ್ಥಾನಗಳನ್ನು ಪದವೀಧರರೂ, ಇನ್ನೊಂದು ಅಷ್ಟೇ ಪಾಲನ್ನು ಉಪಾಧ್ಯಾಯರೂ ಆರಿಸುತ್ತಾರೆ. ಕರ್ನಾಟಕದ ಪರಿಷತ್ತಿನಲ್ಲಿ ೭೫ ಸ್ಥಾನಗಳು; ಅವುಗಳಲ್ಲಿ ಪದವೀಧರರಿಗೆ ೭, ಉಪಾಧ್ಯಾಯರಿಗೆ ೭. ಲೇಖಕರು ಬಯಸುವ ಎರಡನೆಯ ಮತವು ಈ ಮಟ್ಟಿಗೆ ಪದವೀಧರರಿಗೆ ಆಗಲೇ ದೊರೆತಿದೆಯಷ್ಟೆ. ಅವರು ಅದನ್ನು ಹೇಗೆ ಬಳಸಿದ್ದಾರೆ? ಆ ಚುನಾವಣೆಯಲ್ಲಿ ಗುಂಡಿ ಒತ್ತುವ ಯಂತ್ರವಿಲ್ಲ. ಅಭ್ಯರ್ಥಿಯ ಹೆಸರಿನ ಮುಂದೆ ೧, ೨, ೩ ಎಂದು ಅಂಕಿಗಳನ್ನು, ಅಲ್ಲಿಯೇ ಕೊಟ್ಟ ಲೇಖನಿಯಿಂದ, ಬರೆಯಬೇಕು. ಮತದ ಕಾಗದದ ಮೇಲೆ ರುಜು ಹಾಕಿದವರು, ಅಂಕಿಯ ಬದಲು ಸರಿಗುರುತು ಹಾಕಿದವರು, ಅಭ್ಯರ್ಥಿಗೆ ಬುದ್ಧಿವಾದ ಬರೆದವರು ಇವರೆಲ್ಲರ ದೆಸೆಯಿಂದ ಸಾವಿರಗಟ್ಟಲೆ ಮತಗಳು ಅಸಿಂಧುವಾಗುತ್ತವೆ. ಒಂದು ಎಂಬ ಅಂಕಿಯನ್ನು ಸರಿಯಾದ ಸ್ಥಳದಲ್ಲಿ ಬರೆಯಲಾರದ ಪದವೀಧರನಿಗೆ ಎರಡು ಮತ ಕೊಡೋಣವೆನ್ನುತ್ತಾರೆ; ಚಿಹ್ನೆಯನ್ನು ಗುರುತಿಸಿ ತಪ್ಪದೆ ಮತ ಹಾಕುವ ಕೂಲಿಯವಳಿಂದ ಇದ್ದ ಒಂದನ್ನೂ ಕಸಿದುಕೊಳ್ಳೋಣವೆನ್ನುತ್ತಾರೆ. ಉಪಾಧ್ಯಾಯರ ಕ್ಷೇತ್ರದ ಶುಚಿತ್ವವನ್ನೂ ನಾನು ಬಲ್ಲೆ. ಸೇವೆಯಲ್ಲಿದ್ದಾಗ, ಮತದಾನಕ್ಕೆ ಎಂಟು ದಿವಸ ಮುಂಚೆ, ನನ್ನ ಮನೆಬಾಗಿಲಿಗೂ ಸ್ಟೀಲು ಪಾತ್ರೆಗಳ ಪೆಟ್ಟಿಗೆಯೊಂದು ಬಂದಿತ್ತು. ತಂದವನನ್ನು ಪೆಟ್ಟಿಗೆಯೊಡನೆ ಹಿಂದಕ್ಕೆ ಕಳುಹಿಸಿದೆ. ಕಳುಹಿಸಿದವರ ಹೆಸರು ಇಲ್ಲಿ ಬೇಡ. ಬೀದಿಯಲ್ಲಿ ಎಲ್ಲ ಬಾಗಿಲುಗಳಿಂದಲೂ ಪೆಟ್ಟಿಗೆಗಳು ಹಿಂದಿರುಗಲಿಲ್ಲವೆಂಬುದನ್ನು ಮಾತ್ರ ಹೇಳಬಲ್ಲೆ.

ಮತಗಟ್ಟೆಗೆ ಹೋಗುವ ವಿಷಯದಲ್ಲಿಯಾದರೂ ವಿದ್ಯಾವಂತರು ಮುಂದಿರುವರೋ? ೨೦೨೪ರ ಲೋಕಸಭಾ ಚುನಾವಣೆಯಲ್ಲಿ ಮಂಡ್ಯ ಕ್ಷೇತ್ರದಲ್ಲಿ ನೂರಕ್ಕೆ ೮೧ಕ್ಕೂ ಹೆಚ್ಚು ಮಂದಿ ಮತವಿತ್ತರು. ಕಾಲೇಜುಗಳೂ ಸಂಶೋಧನಾಲಯಗಳೂ ತುಂಬಿರುವ ಬೆಂಗಳೂರಿನ ದಕ್ಷಿಣ ಕ್ಷೇತ್ರದಲ್ಲಿ ಮತವಿತ್ತವರು ನೂರಕ್ಕೆ ಸುಮಾರು ೫೩. ಕಬ್ಬಿನ ಗದ್ದೆಯ ಕೆಲಸ ಬಿಟ್ಟು ಬಿಸಿಲಿನಲ್ಲಿ ಸಾಲು ನಿಂತವರು ಅಯೋಗ್ಯರು, ರಜೆಯ ದಿನವೆಂದು ಮನೆಯಲ್ಲಿ ಉಳಿದವರು ಯೋಗ್ಯರು ಎಂಬ ವಿಭಾಗವು ಯಾವ ಧರ್ಮಶಾಸ್ತ್ರಕ್ಕೂ ಸಮ್ಮತವಾಗಲಾರದು.

ಎರಡನೆಯದಾದ ಉತ್ತರಮೇರೂರಿನ ಪ್ರಮಾಣಕ್ಕೆ ಬರೋಣ. ಶಾಸನವು ಪ್ರಸಿದ್ಧವಾದುದು. ಒಂದನೆಯ ಪರಾಂತಕ ಚೋಳನ ಕಾಲದಲ್ಲಿ, ಕ್ರಿ. ಶ. ೯೧೯ ಮತ್ತು ೯೨೧ರಲ್ಲಿ, ಆ ಅಗ್ರಹಾರದ ಸಭೆಯವರು ತಮ್ಮ ವಾರಿಯಗಳಿಗೆ, ಎಂದರೆ ಕಾರ್ಯಸಮಿತಿಗಳಿಗೆ, ಸದಸ್ಯರನ್ನು ಆರಿಸುವ ನಿಯಮಗಳನ್ನು ಗೋಡೆಯ ಮೇಲೆ ಕೆತ್ತಿಸಿದರು. ಊರಿನ ೩೦ ಕುಟುಂಬುಗಳಲ್ಲಿ ಹೆಸರುಗಳನ್ನು ಓಲೆಯ ಮೇಲೆ ಬರೆದು ಕೊಡದಲ್ಲಿ ಹಾಕಿ, ಒಬ್ಬ ಬಾಲಕನಿಂದ ಎತ್ತಿಸುತ್ತಿದ್ದರು. ಕಾಲುವೇಲಿ ಭೂಮಿ, ಸ್ವಂತ ನಿವೇಶನದಲ್ಲಿ ಮನೆ, ಮಂತ್ರಬ್ರಾಹ್ಮಣಗಳ ಜ್ಞಾನ ಇವು ಬೇಕಾಗಿದ್ದವೆಂಬುದು ಸತ್ಯ. ಆದರೆ ಲೇಖಕರು ಶಾಸನದ ಅರ್ಧವನ್ನು ಓದಿ ಅರ್ಧವನ್ನು ಬಿಟ್ಟಿದ್ದಾರೆ. ಆ ನಿಯಮಗಳು ಆಳುವ ಸಮಿತಿಯಲ್ಲಿ ಕುಳಿತುಕೊಳ್ಳುವವನಿಗೆ ವಿಧಿಸಿದ ನಿಯಮಗಳು. ಅದರ ಮುಂದಿನ ಭಾಗದಲ್ಲಿ ಯಾರು ಕುಳಿತುಕೊಳ್ಳಬಾರದೆಂಬುದನ್ನೂ ಹೇಳಿದೆ. ಹಿಂದೆ ಅಧಿಕಾರದಲ್ಲಿದ್ದು ಲೆಕ್ಕ ಒಪ್ಪಿಸದವನೂ ಅವನ ಬಂಧುಗಳೂ ಕೂಡದು. ಪರರ ಸೊತ್ತನ್ನು ಅಪಹರಿಸಿದವನು ಕೂಡದು. ಕಳೆದ ಮೂರು ವರ್ಷಗಳಲ್ಲಿ ಸದಸ್ಯನಾಗಿದ್ದವನು ಕೂಡದು. ಅಧಿಕಾರದ ಅವಧಿ ೩೬೦ ದಿವಸ. ಪೂರ್ವಿಕರ ಪದ್ಧತಿಯನ್ನು ಪುನಃ ತರಬೇಕೆನ್ನುವವರು ಈ ಭಾಗದಿಂದ ಏಕೆ ಪ್ರಾರಂಭಿಸಬಾರದು? ಲೆಕ್ಕ ಒಪ್ಪಿಸದವನ ಮಗನಿಗೂ ಭಾವಮೈದುನನಿಗೂ ಸ್ಪರ್ಧಿಸಲು ಅವಕಾಶವಿಲ್ಲವೆಂದು ಇಂದು ಶಾಸನವಾದರೆ ನಮ್ಮ ವಿಧಾನಸಭೆಯಲ್ಲಿ ಎಷ್ಟು ಆಸನಗಳು ಖಾಲಿಯಾದಾವು! ಮತ್ತೊಂದು ಸಂಗತಿ. ೯೨೧ರ ನಿಯಮದಲ್ಲಿ ವಯಸ್ಸು ಮುವ್ವತ್ತೈದಕ್ಕೆ ಕಡಮೆಯಿರಕೂಡದು. ನಮ್ಮ ತರುಣ ಲೇಖಕರ ಹೆಸರಿನ ಓಲೆ ಆ ಕೊಡವನ್ನು ಸೇರಲು ಇನ್ನೂ ಹದಿನಾರು ವರ್ಷ ಕಾಯಬೇಕು.

ಅಷ್ಟೇಕೆ, ಅವರಿಗಿರುವ ಮತವೇ ಪರೀಕ್ಷೆಯಿಲ್ಲದೆ ಬಂದದ್ದು. ಮೊದಲು ಮತದಾನದ ವಯಸ್ಸು ಇಪ್ಪತ್ತೊಂದಾಗಿತ್ತು. ಸಂವಿಧಾನದ ೬೧ನೆಯ ತಿದ್ದುಪಡಿಯಿಂದ, ೧೯೮೯ರ ಮಾರ್ಚ್ ತಿಂಗಳಿನಿಂದ, ಅದು ಹದಿನೆಂಟಕ್ಕೆ ಇಳಿಯಿತು. ಅನುಭವವಿಲ್ಲದ ಹುಡುಗರ ಕೈಗೆ ದೇಶವನ್ನು ಕೊಡಬಹುದೆ ಎಂಬ ಮಾತು ಆಗಲೂ ಕೇಳಿಬಂದಿತು. ದೇಶವು ತರುಣರನ್ನು ನಂಬಿತು. ನಂಬಿಕೆಯಿಂದ ಬಂದ ಹಕ್ಕನ್ನು ಕೈಯಲ್ಲಿ ಹಿಡಿದುಕೊಂಡು, ಬಾಗಿಲ ಹೊರಗಿನವರನ್ನು ಕುರಿತು "ನಿಮ್ಮನ್ನು ನಂಬಲಾಗದು" ಎನ್ನುವುದು ಶೋಭಿಸುವುದೆ?

ಯೋಗ್ಯತಾನಿಯಮದ ಪ್ರಯೋಗವು ನಮಗೆ ಹೊಸದೂ ಅಲ್ಲ. ೧೮೮೧ರಲ್ಲಿ ದಿವಾನ್ ರಂಗಾಚಾರ್ಲು ಅವರ ಕಾಲದಲ್ಲಿ ಮೈಸೂರಿನ ಪ್ರಜಾಪ್ರತಿನಿಧಿಸಭೆಯು ೧೪೪ ಸದಸ್ಯರೊಡನೆ ಮೊದಲು ಸೇರಿತು. ಅದು ಆ ಕಾಲಕ್ಕೆ ದೊಡ್ಡ ಹೆಜ್ಜೆ. ಆದರೆ ಅದಕ್ಕೆ ಪ್ರತಿನಿಧಿಗಳನ್ನು ಆರಿಸುವ ಹಕ್ಕು ಬಂದ ಮೇಲೂ ಅದು ಕಂದಾಯ ಕೊಡುವವರ, ಆಸ್ತಿವಂತರ, ಪದವೀಧರರ ಹಕ್ಕಾಗಿತ್ತು. ಬ್ರಿಟಿಷ್ ಇಂಡಿಯಾದಲ್ಲಿ ೧೯೩೫ರ ಶಾಸನದ ಮೇಲೆಯೂ ಮತವಿದ್ದವರು ಸುಮಾರು ಮೂರು ಕೋಟಿ. ಅಲ್ಲಿಯೂ ಆಸ್ತಿ, ತೆರಿಗೆ, ವಿದ್ಯೆಗಳ ಕಟ್ಟಳೆ. ಆ ದಿವಸಗಳಲ್ಲಿ ಕೆರೆಯ ಹೂಳು, ಬಾವಿಯ ನೀರು, ಜೀತದ ಸಾಲ ಇವುಗಳ ಮಾತನ್ನು ಅವುಗಳಿಂದ ಬೆಂದವರ ಬಾಯಿಂದ ಸಭೆಗಳು ಕೇಳಲಿಲ್ಲ. ಬೇಯದವರ ಬಾಯಿಂದ ಕೇಳಿದವು. ೧೯೫೧-೫೨ರ ಮೊದಲ ಮಹಾಚುನಾವಣೆಯಲ್ಲಿ ಮತದಾರರು ೧೭ ಕೋಟಿಗೆ ಮೇಲಾದರು. ೧೯೫೧ರ ಜನಗಣತಿಯಂತೆ ಅಕ್ಷರಸ್ಥರು ನೂರಕ್ಕೆ ೧೮. ಸ್ತ್ರೀಯರಲ್ಲಿ ನೂರಕ್ಕೆ ೯ ಮಂದಿಯೂ ಪೂರ್ಣವಾಗಿ ಇರಲಿಲ್ಲ. ಲೇಖಕರ ನಿಯಮವು ಅಂದು ಜಾರಿಯಲ್ಲಿದ್ದರೆ ನೂರು ತಾಯಂದಿರಲ್ಲಿ ತೊಂಬತ್ತೊಂದು ಮಂದಿ ಹೊರಗೆ ನಿಲ್ಲುತ್ತಿದ್ದರು. ಅವರಲ್ಲಿ ಲೇಖಕರ ಮುತ್ತಜ್ಜಿಯೂ ಇದ್ದಿರಬಹುದು. ನನ್ನ ಅಜ್ಜಿಯಂತೂ ಇದ್ದೇ ಇದ್ದರು.

ಆ ಚುನಾವಣೆಯನ್ನು ನಡೆಸಿದ ಮುಖ್ಯ ಚುನಾವಣಾ ಆಯುಕ್ತ ಸುಕುಮಾರ ಸೇನರು ಅಕ್ಷರಬಾರದವರನ್ನು ಹೊರಗಿಡುವ ಉಪಾಯವನ್ನು ಹುಡುಕಲಿಲ್ಲ. ಒಳಕ್ಕೆ ತರುವ ಉಪಾಯವನ್ನು ಹುಡುಕಿದರು. ಪ್ರತಿಯೊಬ್ಬ ಅಭ್ಯರ್ಥಿಗೂ ಬೇರೆ ಪೆಟ್ಟಿಗೆ, ಪೆಟ್ಟಿಗೆಯ ಮೇಲೆ ಚಿಹ್ನೆ; ಮತದಾರನು ಕಾಗದವನ್ನು ತನಗೆ ಬೇಕಾದ ಪೆಟ್ಟಿಗೆಗೆ ಹಾಕಿದರೆ ಸಾಕು. ಇಂಥವನ ಹೆಂಡತಿ, ಇಂಥವನ ತಾಯಿ ಎಂದು ಮಾತ್ರ ಬರೆಸಿದ್ದ ಸುಮಾರು ೨೮ ಲಕ್ಷ ಸ್ತ್ರೀಯರ ನಮೂದುಗಳನ್ನು ಪಟ್ಟಿಯಿಂದ ತೆಗೆಯಬೇಕಾಯಿತು. ಅಷ್ಟು ಮಂದಿಗೆ ಮತ ತಪ್ಪಿದ್ದು ನಷ್ಟವೇ. ಆದರೆ ಹೆಣ್ಣಿಗೆ ಅವಳದೇ ಹೆಸರಿದೆ, ಆ ಹೆಸರನ್ನು ರಾಜ್ಯದ ಮುಂದೆ ಹೇಳತಕ್ಕದ್ದು ಎಂಬ ಪಾಠವನ್ನು ಹಳ್ಳಿಹಳ್ಳಿಗೆ ಕಲಿಸಿದ್ದು ಮತದಾರರ ಪಟ್ಟಿ. ಶಾಲೆ ಮುಟ್ಟದ ಕಡೆಗೂ ಅದು ಮುಟ್ಟಿತು.

ಈ ಅನಕ್ಷರಸ್ಥರು ತಮಗೆ ಕೊಟ್ಟ ಹಕ್ಕನ್ನು ಹೇಗೆ ನಡೆಸಿದರು? ೧೯೭೫ರಲ್ಲಿ ತುರ್ತುಪರಿಸ್ಥಿತಿ ಬಂದಾಗ ಬಹುಮಂದಿ ವಿದ್ಯಾವಂತರು ರೈಲುಗಳು ಹೊತ್ತಿಗೆ ಸರಿಯಾಗಿ ಓಡುತ್ತಿವೆಯೆಂದು ಹೊಗಳಿದರು. ೧೯೭೭ರ ಮಾರ್ಚ್ ತಿಂಗಳಲ್ಲಿ ಮತ ಕೇಳಿದಾಗ, ಅಕ್ಷರಸ್ಥರ ಪ್ರಮಾಣದಲ್ಲಿ ದೇಶದ ಸರಾಸರಿಗಿಂತ ಕೆಳಗಿದ್ದ ಉತ್ತರಪ್ರದೇಶ, ಬಿಹಾರಗಳ ಜನರು ಆಳುವ ಪಕ್ಷಕ್ಕೆ ಒಂದೇ ಒಂದು ಸ್ಥಾನವನ್ನೂ ಕೊಡಲಿಲ್ಲ. ಪ್ರಧಾನಮಂತ್ರಿಗಳೇ ರಾಯಬರೇಲಿಯಲ್ಲಿ ಸೋತರು. ನಮ್ಮ ಕರ್ನಾಟಕವು ಅದೇ ಚುನಾವಣೆಯಲ್ಲಿ ೨೮ರಲ್ಲಿ ೨೬ ಸ್ಥಾನಗಳನ್ನು ಕಾಂಗ್ರೆಸ್ಸಿಗೆ ಕೊಟ್ಟಿತೆಂಬುದನ್ನು ಮರೆಮಾಡತಕ್ಕದ್ದಿಲ್ಲ. ಪೆಟ್ಟು ಎಲ್ಲಿ ಬಲವಾಗಿ ಬಿದ್ದಿತ್ತೋ ಅಲ್ಲಿಯವರು ಗಟ್ಟಿಯಾಗಿ ಕೂಗಿದರು. ರೋಗಿಯೇ ನೋವಿಗೆ ಸಾಕ್ಷಿಯೆಂದು ಮೇಲೆ ಹೇಳಿದುದಕ್ಕೆ ಇದೇ ನಿದರ್ಶನ.

ಕರ್ನಾಟಕದ ವಿವೇಕವನ್ನು ನೋಡಬೇಕಾದರೆ ೧೯೮೪-೮೫ಕ್ಕೆ ಬನ್ನಿ. ೧೯೮೪ರ ಡಿಸೆಂಬರಿನಲ್ಲಿ ಲೋಕಸಭೆಗೆ ನಮ್ಮ ಜನರು ೨೮ರಲ್ಲಿ ೨೪ ಕಾಂಗ್ರೆಸ್ಸಿಗರನ್ನು ಆರಿಸಿದರು. ಮೂರು ತಿಂಗಳು ತುಂಬುವ ಮುನ್ನ, ೧೯೮೫ರ ಮಾರ್ಚಿನಲ್ಲಿ, ವಿಧಾನಸಭೆಯ ೨೨೪ ಸ್ಥಾನಗಳಲ್ಲಿ ೧೩೯ನ್ನು ರಾಮಕೃಷ್ಣ ಹೆಗಡೆಯವರ ಜನತಾಪಕ್ಷಕ್ಕೆ ಕೊಟ್ಟರು. ಹೆಬ್ಬೆಟ್ಟು ಒತ್ತುತ್ತಿದ್ದ ನನ್ನ ತಾಯಿಯವರು ಎರಡು ಸಲ ಎರಡು ಕಡೆಗೆ ಮತ ಹಾಕಿ ಬಂದು, "ದಿಲ್ಲಿಯ ಮನೆ ಬೇರೆ, ಬೆಂಗಳೂರಿನ ಮನೆ ಬೇರೆ" ಎಂದರು. ಕೇಂದ್ರವೆಷ್ಟು, ರಾಜ್ಯವೆಷ್ಟು ಎಂಬ ವಿಭಾಗವನ್ನು ನಾವು ಪೌರನೀತಿಯ ಪುಸ್ತಕದಲ್ಲಿ ಎರಡು ಅಧ್ಯಾಯಗಳಲ್ಲಿ ಹೇಳಿಕೊಡುತ್ತೇವೆ. ಅವರಿಗೆ ಅದು ಒಂದು ವಾಕ್ಯದಲ್ಲಿ ಮುಗಿಯಿತು.

ಮೂರನೆಯ ಅಂಶ ಮತವಿಕ್ರಯ. ಅದು ನಡೆಯುತ್ತದೆ, ಇಲ್ಲವೆನ್ನುವವನು ಕಣ್ಣು ಮುಚ್ಚಿಕೊಂಡವನು. ಆದರೆ ಮಾರಾಟವಿದ್ದಲ್ಲಿ ಕೊಳ್ಳುವವನೂ ಇರಬೇಕಷ್ಟೆ. ಕಾನೂನಿನಲ್ಲಿ ಕೊಟ್ಟವನೂ ತೆಗೆದುಕೊಂಡವನೂ ಇಬ್ಬರೂ ಅಪರಾಧಿಗಳು. ಸೀರೆಯ ಗಂಟನ್ನು ಕಟ್ಟಿಸುವವನು, ಹಣದ ಲೆಕ್ಕವನ್ನು ಮುಚ್ಚಿಡುವವನು, ಯಾವ ಬೀದಿಗೆ ಎಷ್ಟೆಂದು ಪಟ್ಟಿ ಮಾಡುವವನು ಇವರು ಓದುಬಾರದವರೇನು? ೧೯೮೫ರಲ್ಲಿ ಸಂವಿಧಾನದ ೫೨ನೆಯ ತಿದ್ದುಪಡಿಯಿಂದ ಪಕ್ಷಾಂತರ ನಿಷೇಧವನ್ನು ತರಬೇಕಾಯಿತು. ಅದು ಹಳ್ಳಿಗರನ್ನು ಕಟ್ಟಿಹಾಕಲು ತಂದದ್ದಲ್ಲ. ಗೆದ್ದಮೇಲೆ ತಮ್ಮನ್ನೇ ಮಾರಿಕೊಳ್ಳುವ ಶಾಸಕರನ್ನು ಕಟ್ಟಿಹಾಕಲು ತಂದದ್ದು. ೨೦೧೮ರಲ್ಲಿ ಹೊರಟ ಚುನಾವಣಾ ಬಾಂಡುಗಳಲ್ಲಿ, ಯಾರು ಯಾವ ಪಕ್ಷಕ್ಕೆ ಎಷ್ಟು ಕೊಟ್ಟರೆಂಬುದು ಮತದಾರನಿಗೆ ತಿಳಿಯದಂತೆ ಏರ್ಪಾಡಾಗಿತ್ತು. ೨೦೨೪ರ ಫೆಬ್ರವರಿ ೧೫ರಂದು ಸರ್ವೋಚ್ಚ ನ್ಯಾಯಾಲಯವು ಅದನ್ನು ಅಸಾಂವಿಧಾನಿಕವೆಂದು ರದ್ದುಮಾಡಿತು. ಐನೂರು ರೂಪಾಯಿಗೆ ಕೈಯೊಡ್ಡುವ ಬಡವನು ತಪ್ಪು ಮಾಡುತ್ತಾನೆ. ಕೋಟಿಗಳನ್ನು ಗುಟ್ಟಾಗಿ ಸಾಗಿಸುವ ದಾರಿಯನ್ನು ಶಾಸನದಲ್ಲಿಯೇ ಬರೆದವರು ಯಾವ ತರಗತಿಯವರೆಗೆ ಓದಿದ್ದರೆಂದು ಲೇಖಕರು ಯೋಚಿಸಲಿ. ಇನ್ನು ಜಾತಿಯ ಮಾತು. ಪದವೀಧರರ ವಧೂವರರ ಜಾಹಿರಾತುಗಳಲ್ಲಿ ಒಳಪಂಗಡದವರೆಗೂ ವಿಚಾರಿಸುವುದನ್ನು ಭಾನುವಾರದ ಪತ್ರಿಕೆಗಳಲ್ಲಿ ನೋಡುತ್ತಿರುವ ನಾವು, ಜಾತಿಯನ್ನು ಅನಕ್ಷರಸ್ಥರ ವ್ಯಾಧಿಯೆನ್ನಲು ಸಂಕೋಚಪಡಬೇಕು.

ಪರೀಕ್ಷೆಯಿಡುವುದೇ ಆದರೆ ಪರೀಕ್ಷಕರು ಯಾರು? ಪ್ರಶ್ನಪತ್ರಿಕೆಗಳನ್ನು ಬರೆದು, ತಿದ್ದಿ, ಕೂದಲು ನರೆತವನು ನಾನು. ಯಾರನ್ನು ಅನುತ್ತೀರ್ಣರನ್ನಾಗಿ ಮಾಡಬೇಕೆಂದು ಮೊದಲೇ ನಿಶ್ಚಯಿಸಿದ್ದರೆ ಅದಕ್ಕೆ ತಕ್ಕ ಪ್ರಶ್ನೆಯನ್ನು ಬರೆಯುವುದು ಎಳ್ಳಷ್ಟೂ ಕಷ್ಟವಲ್ಲ. ಅಮೆರಿಕದ ದಕ್ಷಿಣ ಸಂಸ್ಥಾನಗಳಲ್ಲಿ ಮತದಾರನಾಗಬೇಕಾದವನು ಓದುಬರೆಹದ ಪರೀಕ್ಷೆಯಲ್ಲಿ ತೇರ್ಗಡೆಯಾಗಬೇಕೆಂದು ವಿಧಿಸಿದ್ದರು. ಕಪ್ಪುಜನರಿಗೆ ಕಠಿನವಾದ ಪ್ರಶ್ನೆ, ಬಿಳಿಯರಿಗೆ ಔದಾರ್ಯ. ಅದರಿಂದ ತಲೆಮಾರುಗಳ ಕಾಲ ಒಂದು ಜನಾಂಗಕ್ಕೆ ಜನಾಂಗವೇ ಮತಗಟ್ಟೆಯ ಹೊರಗೆ ಉಳಿಯಿತು. ೧೯೬೫ರ ಮತಾಧಿಕಾರ ಶಾಸನವು ಬಂದು ಆ ಪರೀಕ್ಷೆಗಳನ್ನು ನಿಲ್ಲಿಸಿತು. ಇಂಗ್ಲೆಂಡಿನಲ್ಲಿ ವಿಶ್ವವಿದ್ಯಾಲಯದ ಪದವೀಧರರಿಗಿದ್ದ ಎರಡನೆಯ ಮತವನ್ನು ೧೯೪೮ರ ಶಾಸನದಿಂದ ಕಿತ್ತುಹಾಕಿದರು. ಅವರು ಬಿಸುಟ ಅಂಗಿಯನ್ನು ನಾವು ಸಂಪ್ರದಾಯವೆಂದು ತೊಟ್ಟುಕೊಳ್ಳಬೇಕೆ?

ನಮ್ಮಲ್ಲಿಯೂ ಈ ಮಾತು ಬರಿಯ ಮಾತಾಗಿ ಉಳಿದಿಲ್ಲ. ಹರಿಯಾಣದಲ್ಲಿ ೨೦೧೫ರ ಶಾಸನದಿಂದ ಪಂಚಾಯತಿಗೆ ಸ್ಪರ್ಧಿಸುವವರಿಗೆ ವಿದ್ಯಾರ್ಹತೆಯನ್ನು ವಿಧಿಸಿದರು. ಅದೇ ವರ್ಷದ ಡಿಸೆಂಬರಿನಲ್ಲಿ ಸರ್ವೋಚ್ಚ ನ್ಯಾಯಾಲಯವು ಅದನ್ನು ಎತ್ತಿಹಿಡಿಯಿತು. ರಾಜಸ್ಥಾನದಲ್ಲಿ ಅಂಥದೇ ನಿಯಮವನ್ನು ತಂದು, ೨೦೧೯ರಲ್ಲಿ ತೆಗೆದುಹಾಕಿದರು. ಇವು ಅಭ್ಯರ್ಥಿಗಳಿಗೆ ಮಾತ್ರ ಸಂಬಂಧಿಸಿದ ನಿಯಮಗಳೆಂಬುದು ದಿಟ. ಆದರೆ ಹಳ್ಳಿಯ ಪಂಚನಿಗೆ ತರಗತಿಯನ್ನು ಗೊತ್ತುಮಾಡಿದ ಶಾಸಕರು ತಮಗೆ ಯಾವ ತರಗತಿಯನ್ನೂ ಗೊತ್ತುಮಾಡಿಕೊಳ್ಳಲಿಲ್ಲ. ಚರಂಡಿಯ ಲೆಕ್ಕಕ್ಕೆ ಅಕ್ಷರ ಬೇಕು, ರಾಜ್ಯದ ಆಯವ್ಯಯಕ್ಕೆ ಬೇಡ! ಅಭ್ಯರ್ಥಿಯ ಬಾಗಿಲಿಗೆ ಬಂದ ಬೀಗವು ನಾಳೆ ಮತದಾರನ ಬಾಗಿಲಿಗೂ ಬರಬಹುದೆಂಬ ಭಯದಿಂದಲೇ ಇಷ್ಟು ದೀರ್ಘವಾಗಿ ಬರೆದದ್ದು.

ನಾಲ್ಕನೆಯದು ರಾಜೇಂದ್ರಪ್ರಸಾದರ ಮಾತು. ೧೯೪೯ರ ನವೆಂಬರ್ ೨೬ರಂದು ಸಂವಿಧಾನ ಸಭೆಯಲ್ಲಿ ಅವರು, ಶಾಸನವನ್ನು ರಚಿಸುವ ಸದಸ್ಯರಿಗೆ ಅರ್ಹತೆಯನ್ನು ನಿಯಮಿಸಲಾಗಲಿಲ್ಲವಲ್ಲಾ ಎಂದು ವ್ಯಸನಪಟ್ಟರು. ಅದು ಸದಸ್ಯರನ್ನು ಕುರಿತ ವ್ಯಸನ. ಮತದಾರರನ್ನು ಕುರಿತು ಅದೇ ಭಾಷಣದಲ್ಲಿ, ತಾವು ಹಳ್ಳಿಗರನ್ನು ಬಲ್ಲವರೆಂದೂ, ಅವರು ಓದುಬರೆಹ ಬಾರದವರಾದರೂ ಬುದ್ಧಿಯೂ ಲೋಕಜ್ಞಾನವೂ ಉಳ್ಳವರೆಂದೂ, ವಯಸ್ಕರಿಗೆಲ್ಲ ಮತ ಕೊಟ್ಟುದಕ್ಕಾಗಿ ತಮಗೆ ಅಂಜಿಕೆಯಿಲ್ಲವೆಂದೂ ಅಭಿಪ್ರಾಯಪಟ್ಟರು. ಪ್ರಮಾಣವಾಕ್ಯವನ್ನು ಉದಾಹರಿಸುವವನು ಪ್ರಕರಣವನ್ನು ಪೂರ್ತಿಯಾಗಿ ನೋಡಬೇಕು.

ತರುಣ ಮಿತ್ರರೆ, ಸಂಪ್ರದಾಯವೆಂದರೆ ಹಿರಿಯರು ಕಷ್ಟಪಟ್ಟು ಗಳಿಸಿ ನಮ್ಮ ಕೈಗೆ ಒಪ್ಪಿಸಿದ್ದು; ಅದನ್ನು ಕುಂದಿಲ್ಲದೆ ಮುಂದಿನವರಿಗೆ ಒಪ್ಪಿಸುವವನು ಸಂಪ್ರದಾಯಪಕ್ಷದವನು. ಎಲ್ಲರಿಗೂ ಒಂದು ಮತವೆಂಬುದು ಈ ದೇಶದಲ್ಲಿ ಏಳು ದಶಕಗಳನ್ನು ಮೀರಿ ನಡೆದುಬಂದಿದೆ. ನಿಮ್ಮ ಮುತ್ತಜ್ಜನಿಂದ ನಿಮ್ಮವರೆಗೆ ನಾಲ್ಕು ತಲೆ. ಅದೂ ಈಗ ಸಂಪ್ರದಾಯವೇ. ಅದನ್ನು ಒಡೆಯಹೊರಟವರು ನೀವು, ಉಳಿಸಬೇಕೆನ್ನುವವನು ನಾನು. ಹೀಗಿರಲಾಗಿ ಆ ಹೆಸರು ನಮ್ಮಿಬ್ಬರಲ್ಲಿ ಯಾರಿಗೆ ಸಲ್ಲತಕ್ಕದ್ದೆಂದು ನೀವೇ ನಿರ್ಣಯಿಸಿರಿ. ಚಕ್ರವರ್ತಿ ರಾಜಗೋಪಾಲಾಚಾರ್ಯರು ೧೯೫೯ರಲ್ಲಿ, ಎಂಬತ್ತರ ವಯಸ್ಸಿನಲ್ಲಿ, ಸ್ವತಂತ್ರಪಕ್ಷವನ್ನು ಕಟ್ಟಿದರು. ಅವರು ಅನಕ್ಷರಸ್ಥರ ಮತವನ್ನು ಕಸಿಯಿರೆಂದು ಕೇಳುತ್ತ ಕೂಡಲಿಲ್ಲ. ಅವರ ಬಳಿಗೆ ಹೋಗಿ ತಮ್ಮ ಮಾತನ್ನು ಹೇಳಿದರು. ೧೯೬೭ರಲ್ಲಿ ಆ ಪಕ್ಷವು ಲೋಕಸಭೆಯಲ್ಲಿ ೪೪ ಸ್ಥಾನಗಳೊಡನೆ ವಿರೋಧಪಕ್ಷಗಳಲ್ಲಿ ದೊಡ್ಡದಾ‌ಯಿತು.

ನಿಮ್ಮ ಅಭಿಪ್ರಾಯಗಳು ದೇಶಕ್ಕೆ ಹಿತವೆಂದು ನಿಮಗೆ ತೋರಿದರೆ ನೀವೂ ಹಾಗೆ ಮಾಡಿರಿ. ಸಂತೆಯ ದಿವಸ ಸಂತೆಗೆ ಹೋಗಿರಿ. ಅಲ್ಲಿ ಕುಳಿತವರಿಗೆ ಅರ್ಥವಾಗುವ ಕನ್ನಡದಲ್ಲಿ ಹೇಳಿರಿ. ಅವರ ಪ್ರಶ್ನೆಗಳಿಗೆ ಉತ್ತರ ಕೊಡಿರಿ. ಒಪ್ಪಿಸಲಾರದೆ ಹೋದರೆ, ಕೇಳಿದವರನ್ನು ಅನುತ್ತೀರ್ಣರೆನ್ನುವ ಮೊದಲು, ಪಾಠ ಹೇಳಿದವನ ಪಾಠವನ್ನು ಪರೀಕ್ಷಿಸತಕ್ಕದ್ದೆಂಬುದು ಉಪಾಧ್ಯಾಯವೃತ್ತಿಯ ಧರ್ಮ. ಹತ್ತನೆಯ ತರಗತಿ ಎಲ್ಲರಿಗೂ ಬೇಕೆಂಬ ನಿಮ್ಮ ಹಂಬಲ ದೊಡ್ಡದು. ಅದಕ್ಕಾಗಿ ಮುಚ್ಚುತ್ತಿರುವ ಹಳ್ಳಿಯ ಶಾಲೆಗಳನ್ನು ಉಳಿಸುವವರಿಗೆ ಮತ ಕೊಡಿರಿ. ಶಾಲೆಯನ್ನು ಕೊಡದೆ ಮತವನ್ನು ಕಸಿಯುವುದು ಒಬ್ಬನಿಗೆ ಎರಡು ದಂಡ ವಿಧಿಸಿದಂತೆ. ಅಂಥ ದಂಡನೀತಿಯನ್ನು ನಾನು ಓದಿದ ಯಾವ ಶಾಸ್ತ್ರದಲ್ಲಿಯೂ ಕಂಡಿಲ್ಲ.